ಆರು ವೋಲ್ಟಿನ ಲೆಕ್ಕಾಚಾರ

ಹಳೆಯ ಜಾವಾ, ಯೆಜ್ಡಿ, ಬುಲೆಟ್‌ಗಳ ಬ್ಯಾಟರಿ ಪದೇ ಪದೇ ಡೌನ್ ಆಗುವುದೇಕೆ? ಪಾರ್ಟ್ ಬದಲಿಸುವ ಮೊದಲು ವಿಚಾರಿಸಬೇಕಾದದ್ದು ತಂತಿಯನ್ನು, ಬೋಲ್ಟನ್ನು, ಅರ್ತನ್ನು.

ಹಳೆಯ ಬೈಕಿನ ಬ್ಯಾಟರಿ ಡೌನ್ ಆದರೆ ನಮ್ಮಲ್ಲಿ ಒಂದು ಸಂಪ್ರದಾಯವಿದೆ. ಮೊದಲು ಹೊಸ ಬ್ಯಾಟರಿ ಬರುತ್ತದೆ. ಹದಿನೈದು ದಿನದಲ್ಲಿ ಅದೂ ಮಲಗಿದರೆ ‘ಕಟೌಟ್ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ’ ಎಂಬ ತೀರ್ಪು. ಕಟೌಟ್ ಬದಲಾಯಿಸಿದರೂ ಹಣೆಬರಹ ಬದಲಾಗದಿದ್ದರೆ ಡೈನಮೊ ಬಿಚ್ಚಿ ಆರ್ಮೇಚರ್ ಹೊರಗೆ ತೆಗೆಯುತ್ತಾರೆ. ಇಷ್ಟೆಲ್ಲ ಆಗುವಾಗ ಜೇಬು ಹಗುರವಾಗಿರುತ್ತದೆ, ಗಾಡಿ ಮಾತ್ರ ಇದ್ದಂತೆಯೇ ಇರುತ್ತದೆ. ಕೊನೆಗೊಬ್ಬ ಹಿರಿಯ ಮೆಕ್ಯಾನಿಕ್ ಬಂದು ಒಂದು ಬೋಲ್ಟ್ ಬಿಚ್ಚಿ, ಅದರ ಕೆಳಗಿನ ಪೇಂಟ್ ಕೆರೆದು, ಮತ್ತೆ ಬಿಗಿ ಮಾಡಿದರೆ ಚಾರ್ಜ್ ಆಗತೊಡಗುತ್ತದೆ. ಇದು ಪವಾಡವೇನಲ್ಲ. ಆರು ವೋಲ್ಟಿನ ಗಾಡಿಗಳಲ್ಲಿ ರೋಗ ಬಿಡಿಭಾಗಗಳಲ್ಲಿ ಇರುವುದಕ್ಕಿಂತ ಅವುಗಳನ್ನು ಕೂಡಿಸುವ ಜಾಗಗಳಲ್ಲೇ ಹೆಚ್ಚು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಈಗ ಹೊಸ ಜೀವ ಬಂದಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹಿತ್ತಲಲ್ಲಿ, ಹೊಸಕೋಟೆ ಕಡೆಯ ತೋಟದ ಪಂಪ್‌ಹೌಸಿನಲ್ಲಿ, ನೆಲಮಂಗಲದ ಹಳ್ಳಿಯ ಕೊಟ್ಟಿಗೆಯಲ್ಲಿ ತಾತನ ಗಾಡಿ ಗೋಣಿಚೀಲ ಹೊದ್ದು ನಿಂತಿರುತ್ತದೆ. ಹಾಲಿನ ಕ್ಯಾನು, ರೇಷ್ಮೆಗೂಡಿನ ಚೀಲ, ಗೊಬ್ಬರದ ಮೂಟೆ ಹೊತ್ತು ದುಡಿದ ಗಾಡಿಯನ್ನು ಮೊಮ್ಮಕ್ಕಳು ಹೊರಗೆಳೆದು ರಿಸ್ಟೋರ್ ಮಾಡಿಸುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ದೇವನಹಳ್ಳಿ ದಾಟಿ ನಂದಿಬೆಟ್ಟಕ್ಕೆ ಹೋಗುವ ಸವಾರರ ಸಾಲಿನಲ್ಲಿ ಹೊಗೆ ಬಿಡುವ ಟೂ-ಸ್ಟ್ರೋಕ್ ಗಾಡಿಗಳೂ ಕಾಣುತ್ತವೆ. ಟ್ಯಾಂಕ್ ಕನ್ನಡಿಯಂತೆ ಹೊಳೆಯುತ್ತದೆ, ಕ್ರೋಮ್ ಫಳಫಳ ಎನ್ನುತ್ತದೆ. ಎರಡು ಸಲ ಹಾರ್ನ್ ಹೊಡೆದರೆ ಮೂರನೆಯದಕ್ಕೆ ದನಿ ಉಡುಗಿರುತ್ತದೆ.

ಮೈಸೂರಿನಿಂದ ಬಂದದ್ದು

ನಮ್ಮ ಭಾಗದಲ್ಲಿ ಹಳೆಯ ಬೈಕ್ ಎಂದರೆ ಮೊದಲು ನೆನಪಾಗುವುದು ಜಾವಾ ಮತ್ತು ಯೆಜ್ಡಿ. ಅದಕ್ಕೆ ಕಾರಣ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಇಲ್ಲಿ ಉತ್ಪಾದನೆ ಆರಂಭವಾಯಿತು. ಇರಾನಿ ಕುಟುಂಬದ ಈ ಸಾಹಸದ ಬೆನ್ನಿಗೆ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವಿತ್ತು. 250 ಸಿಸಿಯ ಜಾವಾ 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು, ಆ ದಶಕದ ಕೊನೆಗೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಶೋರೂಮಿಗೆ ಬಂದವು ನಿಜ, ಆದರೆ ಹಳೆಯ ಗಾಡಿಗೂ ಹೊಸ ಗಾಡಿಗೂ ವೈರಿಂಗಿನ ಮಟ್ಟಿಗೆ ಯಾವ ನೆಂಟಸ್ತಿಕೆಯೂ ಇಲ್ಲ.

ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಎಡಗಡೆ ಒಂದೇ ಲಿವರ್ ಇರುವ ವಿಚಿತ್ರ ಎಲ್ಲರಿಗೂ ಗೊತ್ತು. ಚಾರ್ಜಿಂಗಿನ ಕಥೆ ನಡೆಯುವುದು ಇಂಜಿನ್ನಿನ ಬಲಗಡೆ, ಕವರಿನ ಒಳಗೆ. ಅಲ್ಲಿ ಕ್ರ್ಯಾಂಕ್‌ಶಾಫ್ಟಿನ ತುದಿಗೇ ಡೈನಮೊದ ಆರ್ಮೇಚರ್ ಕೂತಿದೆ. ಬೆಲ್ಟಿಲ್ಲ, ಚೈನಿಲ್ಲ, ಇಂಜಿನ್ ಎಷ್ಟು ಸುತ್ತುತ್ತದೋ ಆರ್ಮೇಚರ್ ಅಷ್ಟೇ ಸುತ್ತುತ್ತದೆ. ಇಗ್ನಿಷನ್ನಿನ ಪಾಯಿಂಟ್ ಕೂಡ ಅಲ್ಲೇ ಇದೆ. ಸ್ಪಾರ್ಕ್ ಬರಲು ಬ್ಯಾಟರಿಯ ಕರೆಂಟೇ ಬೇಕು. ಹಾಗಾಗಿ ಈ ಗಾಡಿಗಳಲ್ಲಿ ಚಾರ್ಜಿಂಗ್ ಕೆಟ್ಟರೆ ಬರೀ ದೀಪ ಮಂಕಾಗುವುದಿಲ್ಲ, ಸ್ವಲ್ಪ ದೂರ ಹೋಗಿ ಗಾಡಿಯೇ ನಿಲ್ಲುತ್ತದೆ.

ಡಬ್ಬಿಯೊಳಗಿನ ಎರಡು ಕೆಲಸ

ಡೈನಮೊ ತಾನೇ ಡಿಸಿ ಕರೆಂಟ್ ಹುಟ್ಟಿಸುತ್ತದೆ. ಸುತ್ತಲಿನ ಫೀಲ್ಡ್ ಕಾಯಿಲ್‌ಗಳ ಕಬ್ಬಿಣದಲ್ಲಿ ಒಂದಿಷ್ಟು ಕಾಂತಶಕ್ತಿ ಸದಾ ಉಳಿದಿರುತ್ತದೆ. ಆರ್ಮೇಚರ್ ತಿರುಗಿದಾಗ ಅದರಿಂದ ಅಲ್ಪ ಕರೆಂಟ್ ಹುಟ್ಟಿ, ಅದೇ ಕರೆಂಟ್ ಫೀಲ್ಡಿಗೆ ಹೋಗಿ ಕಾಂತಶಕ್ತಿಯನ್ನು ಹೆಚ್ಚಿಸಿ, ಅದರಿಂದ ಮತ್ತಷ್ಟು ಕರೆಂಟ್ ಹುಟ್ಟುತ್ತದೆ. ಇದಕ್ಕೆ ಕಡಿವಾಣ ಹಾಕುವುದು ರೆಗ್ಯುಲೇಟರ್. ನಮ್ಮ ಮೆಕ್ಯಾನಿಕ್‌ಗಳು ಆ ಡಬ್ಬಿಯನ್ನೇ ಕಟೌಟ್ ಎನ್ನುತ್ತಾರಾದರೂ ಒಳಗೆ ನಡೆಯುವ ಕೆಲಸ ಎರಡು. ಒಂದು, ವೋಲ್ಟೇಜ್ ಏಳರ ಆಸುಪಾಸಿಗಿಂತ ಮೇಲೇರದಂತೆ ಫೀಲ್ಡಿನ ಕರೆಂಟನ್ನು ಹಿಡಿದು ಬಿಡುವುದು. ಇನ್ನೊಂದು, ಡೈನಮೊ ಬ್ಯಾಟರಿಗಿಂತ ಹೆಚ್ಚು ವೋಲ್ಟೇಜ್ ಕೊಡುವಾಗ ಮಾತ್ರ ಎರಡನ್ನೂ ಜೋಡಿಸಿ, ಉಳಿದ ಹೊತ್ತು ಬೇರ್ಪಡಿಸುವುದು. ನಿಜವಾದ ಕಟೌಟ್ ಈ ಎರಡನೆಯದು. ಅದರ ಪಾಯಿಂಟ್ ಅಂಟಿಕೊಂಡರೆ ಇಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟ್ ಡೈನಮೊ ಮೂಲಕ ಸೋರುತ್ತದೆ, ತಂತಿ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಹಾಗಾದಾಗ ಯೋಚಿಸುತ್ತ ನಿಲ್ಲದೆ ಬ್ಯಾಟರಿಯ ವೈರನ್ನು ಮೊದಲು ಕಳಚಬೇಕು.

45 ವ್ಯಾಟಿನ ಸಂಸಾರ

ಜಾವಾ 250ರ ಡೈನಮೊ 6 ವೋಲ್ಟಿನದು, ಸಾಮರ್ಥ್ಯ 45 ವ್ಯಾಟ್. ಅಂದರೆ ಹೆಚ್ಚೆಂದರೆ 7.5 ಆಂಪಿಯರ್. ಇದು ತಿಂಗಳ ಸಂಬಳವಿದ್ದಂತೆ, ಅದರಲ್ಲೇ ಸಂಸಾರ ಸಾಗಬೇಕು. ಹೆಡ್‌ಲೈಟಿಗೆ 35 ವ್ಯಾಟಿನ ಬಲ್ಬ್ ಹಾಕಿದ್ದರೆ ಸಂಬಳದ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು. ಹಿಂದಿನ ದೀಪಕ್ಕೆ 5 ವ್ಯಾಟ್. ಇಗ್ನಿಷನ್ ಕಾಯಿಲ್ಲಿಗೆ ಹದಿನೈದಿಪ್ಪತ್ತು ವ್ಯಾಟ್ ಬೇಕು. ಬ್ರೇಕ್ ಲೈಟು, ಹಾರ್ನು ಆಗಾಗ ಬರುವ ಖರ್ಚುಗಳು. ಲೆಕ್ಕ ಕೂಡಿ ನೋಡಿದರೆ ರಾತ್ರಿ ಓಡಿಸುವಾಗ ಆದಾಯಕ್ಕಿಂತ ಖರ್ಚೇ ಹೆಚ್ಚು. ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ.

ಆದಾಯವೂ ಪೂರ್ತಿ ಸಿಗುವುದು ಇಂಜಿನ್ ಚುರುಕಾಗಿ ಓಡುವಾಗ ಮಾತ್ರ. ಐಡ್ಲಿಂಗಿನಲ್ಲಿ ಡೈನಮೊ ಕೊಡುವುದು ಏನೂ ಇಲ್ಲವೆನ್ನಬೇಕು. ಈ ಗಾಡಿ ಹುಟ್ಟಿದ ಕಾಲದಲ್ಲಿ ಹೊಸಕೋಟೆಯಿಂದ ಬೆಂಗಳೂರಿಗೆ ಹಳೆ ಮದ್ರಾಸ್ ರಸ್ತೆಯಲ್ಲಿ ಒಂದೇ ಓಟದಲ್ಲಿ ಹೋಗಬಹುದಿತ್ತು. ಈಗ ಸಿಗ್ನಲ್ಲು, ಟೋಲು, ಫ್ಲೈಓವರ್ ಬುಡದ ಜಾಮು. ನೆಲಮಂಗಲದಿಂದ ತುಮಕೂರು ರಸ್ತೆಯಲ್ಲಿ ಸಂಜೆ ಹೊತ್ತು ಹೆಡ್‌ಲೈಟ್ ಹಾಕಿಕೊಂಡು ಲಾರಿಗಳ ನಡುವೆ ತೆವಳಿಕೊಂಡು ಹೋದರೆ ಯಾವ ಭಾಗ ಕೆಡದಿದ್ದರೂ ಬ್ಯಾಟರಿ ಡೌನ್ ಆಗಿಯೇ ಆಗುತ್ತದೆ. ಅದು ಗಾಡಿಯ ತಪ್ಪಲ್ಲ, ಬಳಕೆಯ ತಪ್ಪು. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುವುದು ಕಡ್ಡಾಯವಾಗಿದೆ. ಅದನ್ನು ನೋಡಿ ಹಳೆಯ ಡೈನಮೊ ಗಾಡಿಯಲ್ಲೂ ಹಗಲು ದೀಪ ಹಾಕಿಕೊಂಡು ತಿರುಗುವವರಿದ್ದಾರೆ. ಹಗಲಿನಲ್ಲಿ ಆಗಬೇಕಿದ್ದ ಉಳಿತಾಯವನ್ನು ಅವರೇ ಕೈಯಾರೆ ಕಳೆಯುತ್ತಿರುತ್ತಾರೆ.

ಇನ್ನು ಆರು ವೋಲ್ಟಿನ ಬಡತನ. 35 ವ್ಯಾಟಿನ ಬಲ್ಬ್ 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ತುಕ್ಕು ಹಿಡಿದ ಕನೆಕ್ಟರಿನಲ್ಲಿ ಬರೀ 0.2 ಓಮ್ ತಡೆಯಿದ್ದರೆ ಒಂದು ವೋಲ್ಟಿಗೂ ಹೆಚ್ಚು ಅಲ್ಲೇ ಕಳೆದುಹೋಗುತ್ತದೆ. ಆರರಲ್ಲಿ ಅಷ್ಟು ಹೋದರೆ ಹೆಚ್ಚುಕಡಿಮೆ ಐದನೇ ಒಂದು ಭಾಗ ಹೋದಂತೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ವೇಗವಾಗಿ ಬೀಳುವುದರಿಂದ ಬೆಳಕು ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಇದೇ ತುಕ್ಕು 12 ವೋಲ್ಟಿನ ಗಾಡಿಯಲ್ಲಿದ್ದರೆ ಕರೆಂಟ್ ಅರ್ಧ, ನಷ್ಟ ಅರ್ಧ ವೋಲ್ಟಿನಷ್ಟು, ಅದೂ ಹನ್ನೆರಡರಲ್ಲಿ. ಸವಾರನಿಗೆ ಗೊತ್ತೂ ಆಗುವುದಿಲ್ಲ. ಹೊಸ ಗಾಡಿಗಳಲ್ಲಿ ಪಳಗಿದ ಆಟೋ ಎಲೆಕ್ಟ್ರಿಷಿಯನ್ ‘ಇಷ್ಟು ತುಕ್ಕು ಏನೂ ಮಾಡಲ್ಲ’ ಎಂದು ಮುಂದೆ ಹೋಗುವುದು ಇದರಿಂದಲೇ.

ಕೆಂಪು ದೀಪ ಹೇಳುವುದೇನು

ಜಾವಾ, ಯೆಜ್ಡಿಯ ಹೆಡ್‌ಲೈಟಿನ ತಲೆಯ ಮೇಲೆ ಒಂದು ಪುಟ್ಟ ಕೆಂಪು ದೀಪವಿದೆ. ಅದರ ಒಂದು ತುದಿ ಕೀ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ಡೈನಮೊಗೆ. ಕೀ ಹಾಕಿದಾಗ ಬ್ಯಾಟರಿಯ ಕರೆಂಟ್ ದೀಪದ ಮೂಲಕ ಹಾದು, ಡೈನಮೊದ ಕಾರ್ಬನ್ ಬ್ರಷ್, ಆರ್ಮೇಚರ್ ದಾಟಿ ಅರ್ತಿಗೆ ಇಳಿಯುತ್ತದೆ, ದೀಪ ಹತ್ತುತ್ತದೆ. ಇಂಜಿನ್ ಓಡಿ ಡೈನಮೊ ಕೂಡ ಬ್ಯಾಟರಿಯಷ್ಟೇ ವೋಲ್ಟೇಜ್ ಕೊಟ್ಟಾಗ ಎರಡು ತುದಿಯೂ ಸಮವಾಗಿ ದೀಪ ಆರುತ್ತದೆ.

ಕೀ ಹಾಕಿದರೂ ದೀಪ ಹತ್ತದಿದ್ದರೆ ‘ಒಳ್ಳೆಯದೇ ಆಯ್ತು’ ಎನ್ನಬೇಡಿ. ಬಲ್ಬ್ ಹೋಗಿರಬೇಕು, ತಂತಿ ಕಡಿದಿರಬೇಕು, ಇಲ್ಲವೇ ಬ್ರಷ್ ಸವೆದು ಆರ್ಮೇಚರಿಗೆ ತಾಗುತ್ತಿಲ್ಲ. ರೇಸ್ ಕೊಟ್ಟರೂ ಆರದಿದ್ದರೆ ಡೈನಮೊದಿಂದ ಕರೆಂಟ್ ಬರುತ್ತಿಲ್ಲ. ಐಡ್ಲಿಂಗಿನಲ್ಲಿ ಮಿಣುಕಿ ರೇಸಿಗೆ ಆರಿದರೆ ಅದು ಸಹಜ. ಒಂದು ಮಾತು ಮಾತ್ರ ನೆನಪಿಡಬೇಕು: ದೀಪ ಆರಿದ ಮಾತ್ರಕ್ಕೆ ಬ್ಯಾಟರಿ ಚಾರ್ಜ್ ಆಗುತ್ತಿದೆ ಎಂದಲ್ಲ. ಡೈನಮೊ ಹುಟ್ಟಿಸಿದ್ದು ಬ್ಯಾಟರಿಯವರೆಗೆ ತಲುಪುತ್ತಿದೆಯೇ ಎಂದು ಹೇಳುವುದು ಮೀಟರ್ ಮಾತ್ರ.

ಬೀಪ್ ನಂಬಬೇಡಿ

ಮಲ್ಟಿಮೀಟರ್ ಈಗ ಕೆಲವು ನೂರು ರೂಪಾಯಿಗೆ ಎಲ್ಲೆಡೆ ಸಿಗುತ್ತದೆ. ಅದನ್ನು ಕೊಂಡವರು ಮೊದಲು ಕಲಿಯುವುದು ಬೀಪ್ ಪರೀಕ್ಷೆ. ತಂತಿಯ ಎರಡು ತುದಿಗೆ ಮುಟ್ಟಿಸಿದರೆ ಕೂಗಬೇಕು, ಕೂಗಿದರೆ ತಂತಿ ಸರಿ. ಹಳೆಯ ಗಾಡಿಯಲ್ಲಿ ಈ ಪರೀಕ್ಷೆಯೇ ದಾರಿ ತಪ್ಪಿಸುತ್ತದೆ. ತಂತಿಯೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಕೂಗುತ್ತದೆ, ಯಾಕೆಂದರೆ ಅದು ಹರಿಸಿ ನೋಡುವ ಕರೆಂಟ್ ತೀರಾ ಅಲ್ಪ. ಆರು ಆಂಪಿಯರ್ ಹರಿಯಬೇಕಾದಾಗ ಆ ಒಂಟಿ ಎಳೆ ಕೈಚೆಲ್ಲುತ್ತದೆ. ಹೀಗಾಗಿ ಅಳೆಯಬೇಕಾದದ್ದು ಹೊರೆ ಬಿದ್ದಾಗಿನ ವೋಲ್ಟೇಜ್ ನಷ್ಟವನ್ನು.

ದೊಡ್ಡಬಳ್ಳಾಪುರದ ಒಂದು ಗ್ಯಾರೇಜಿನಲ್ಲಿ ನೋಡಿದ ಯೆಜ್ಡಿಯೊಂದರ ಉದಾಹರಣೆ ಹೇಳಬಹುದು. ಹೊಸ ಪೇಂಟು, ಹೊಸ ಬ್ಯಾಟರಿ, ಹೊಸ ಕಟೌಟ್. ಇಂಜಿನ್ ನಿಲ್ಲಿಸಿ ಅಳೆದಾಗ ಬ್ಯಾಟರಿಯಲ್ಲಿ 6.3 ವೋಲ್ಟ್ ಇತ್ತು. ಮೂರು ಸೆಲ್ಲಿನ ಬ್ಯಾಟರಿ ತುಂಬಿದ್ದಾಗ ಇರಬೇಕಾದದ್ದು ಅಷ್ಟೇ. ಹೆಡ್‌ಲೈಟ್ ಹಾಕಿದಾಗ ಬ್ಯಾಟರಿಯ ಮೇಲೆ 5.9, ಬಲ್ಬಿನ ಮೇಲೆ ಬರೀ 4.4. ನಡುವಿನ ಒಂದೂವರೆ ವೋಲ್ಟ್ ಎಲ್ಲಿ ಹೋಯಿತು? ಮೆಕ್ಯಾನಿಕ್ ದೀಪ ಆರಿಸದೆಯೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಮೇಲಿಟ್ಟು ಇನ್ನೊಂದನ್ನು ಬಲ್ಬಿನ ತುದಿಗೆ ಮುಟ್ಟಿಸಿದರು: 0.4. ಅಷ್ಟು ಹಳೆಯ ಸ್ವಿಚ್ಚಿಗೆ ಅದನ್ನು ಒಪ್ಪಿಕೊಳ್ಳಬಹುದು. ಆಮೇಲೆ ಬ್ಯಾಟರಿಯ ನೆಗೆಟಿವ್ ಮತ್ತು ಬಲ್ಬಿನ ಹೋಲ್ಡರ್ ನಡುವೆ ಅಳೆದರೆ 1.1. ಕಳ್ಳ ಅರ್ತಿನ ಕಡೆಯೇ ಇದ್ದ.

ಗಾಡಿಯ ಕರೆಂಟ್ ಹೋಗುವಾಗ ತಂತಿಯಲ್ಲಿ ಹೋಗುತ್ತದೆ, ವಾಪಸು ಬರುವಾಗ ಚಾಸಿಯ ಕಬ್ಬಿಣದಲ್ಲಿ ಬರುತ್ತದೆ. ರಿಸ್ಟೋರ್ ಮಾಡಿಸುವಾಗ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರು. ಅದು ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ, ಕರೆಂಟ್ ಹಾಯದು. ಬ್ಯಾಟರಿಯ ಅರ್ತ್ ವೈರಿನ ಲಗ್ಗು ಅದರ ಮೇಲೆಯೇ ಕೂತಿತ್ತು, ಬೋಲ್ಟಿನ ಮರೆ ಮಾತ್ರ ಅಲ್ಲಲ್ಲಿ ಕಬ್ಬಿಣ ಮುಟ್ಟುತ್ತಿತ್ತು. ಬೋಲ್ಟ್ ಬಿಚ್ಚಿ, ಲಗ್ಗಿನ ಅಗಲದಷ್ಟು ಜಾಗ ಎಮರಿ ಪೇಪರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಬಿಗಿದ ಮೇಲೆ ತುಕ್ಕು ಹಿಡಿಯದಿರಲೆಂದು ಗ್ರೀಸ್ ಹಚ್ಚಿದರು. ರೆಗ್ಯುಲೇಟರ್ ಬಿಗಿದ ಜಾಗಕ್ಕೂ ಅದೇ ಉಪಚಾರ ನಡೆಯಿತು. ಜಾವಾ ಡೈನಮೊದಲ್ಲಿ ಫೀಲ್ಡಿನ ಕರೆಂಟ್ ರೆಗ್ಯುಲೇಟರ್ ಮೂಲಕವೇ ಅರ್ತಿಗೆ ಹೋಗಬೇಕು. ಡಬ್ಬಿಗೇ ಅರ್ತ್ ಇಲ್ಲದಿದ್ದರೆ ಫೀಲ್ಡ್ ಏಳುವುದಿಲ್ಲ, ಎಷ್ಟು ಹೊಸ ಕಟೌಟ್ ಹಾಕಿದರೂ ಚಾರ್ಜ್ ಆಗುವುದಿಲ್ಲ. ಈ ಗಾಡಿಗೆ ಅದುವರೆಗೆ ಬಂದಿದ್ದ ರೋಗವೆಲ್ಲ ಪೇಂಟಿನ ಕೊಡುಗೆ.

ಇದೇ ಕ್ರಮವನ್ನು ಚಾರ್ಜಿಂಗಿನ ಕಡೆಗೂ ಅನ್ವಯಿಸಬೇಕು. ಹೆಡ್‌ಲೈಟ್ ಆರಿಸಿ, ಇಂಜಿನ್ ಚುರುಕಾಗಿ ಓಡಿಸಿ ಬ್ಯಾಟರಿಯ ಮೇಲೆ ಅಳೆದರೆ 7ರಿಂದ 7.4ರವರೆಗೆ ಏರಬೇಕು. ಡೈನಮೊದ ಬಳಿ 7.2 ಇದ್ದು ಬ್ಯಾಟರಿಯಲ್ಲಿ 6.4 ಮಾತ್ರ ಇದ್ದರೆ ನಡುವಿನ ಯಾವುದೋ ಕೊಂಡಿ ತಿನ್ನುತ್ತಿದೆ. ಕಟೌಟ್ ಪಾಯಿಂಟ್ ಕಪ್ಪಾಗಿದೆಯೇ, ಫ್ಯೂಸ್ ಹಿಡಿಕೆ ಸಡಿಲವಾಗಿದೆಯೇ, ಇನ್ಸುಲೇಷನ್ ಟೇಪಿನ ಕೆಳಗೆ ಯಾರಾದರೂ ತಂತಿ ತಿರುಚಿ ಸೇರಿಸಿದ್ದಾರೆಯೇ ನೋಡಬೇಕು. ಪಾಯಿಂಟಿನ ಕಿಡಿಯಿಂದ ಡಿಜಿಟಲ್ ಮೀಟರಿನ ಅಂಕಿ ಕುಣಿಯುವುದುಂಟು. ಮುಳ್ಳಿನ ಹಳೆಯ ಮೀಟರ್ ಇದ್ದರೆ ಇಲ್ಲಿ ಅದೇ ವಾಸಿ. ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿಯಾದರೆ ಇಲಿ ಕಡಿದ ಜಾಗಗಳೂ ಇರುತ್ತವೆ. ಹೊರಗಿನ ಪ್ಲಾಸ್ಟಿಕ್ ಸರಿಯಿದ್ದರೂ ತುದಿ ಕತ್ತರಿಸಿದಾಗ ತಾಮ್ರ ಹಸಿರಾಗಿ ಪುಡಿಯಾಗುತ್ತಿದ್ದರೆ ಆ ತಂತಿಗೆ ರಿಪೇರಿಯಿಲ್ಲ, ಬದಲಿಸಲೇಬೇಕು.

ಡೈನಮೊದ್ದೇ ತಪ್ಪಾದರೆ

ತಂತಿಗಳೆಲ್ಲ ಸರಿಯಿದ್ದೂ ಡೈನಮೊ ಕೊಡುತ್ತಿಲ್ಲವೆಂದರೆ ಅದನ್ನು ಒಂಟಿಯಾಗಿ ಪರೀಕ್ಷಿಸಬಹುದು. ಅದರಿಂದ ಹೊರಡುವ ಎರಡು ತಂತಿಗಳನ್ನೂ ಕಳಚಿ, ಫೀಲ್ಡಿನ ತುದಿಯನ್ನು ಅರ್ತಿಗೆ ಕೊಟ್ಟು, ಮುಖ್ಯ ತುದಿಗೂ ಅರ್ತಿಗೂ ನಡುವೆ ಆರು ವೋಲ್ಟಿನ ಹೆಡ್‌ಲೈಟ್ ಬಲ್ಬ್ ಹಿಡಿದು ಇಂಜಿನ್ ಓಡಿಸಿದರೆ ಬಲ್ಬ್ ಜೋರಾಗಿ ಉರಿಯಬೇಕು. ರೇಸ್ ಹದವಾಗಿರಲಿ, ಹೊತ್ತು ಕೆಲವೇ ಸೆಕೆಂಡಿರಲಿ, ಏಕೆಂದರೆ ಆಗ ಕಡಿವಾಣ ಹಾಕಲು ರೆಗ್ಯುಲೇಟರ್ ಇರುವುದಿಲ್ಲ. ಲ್ಯೂಕಾಸ್ ಡೈನಮೊ ಇರುವ ಇಂಗ್ಲಿಷ್ ಗಾಡಿಗಳಲ್ಲಿ ಕ್ರಮ ಬೇರೆ. ಅಲ್ಲಿ ಎರಡು ತುದಿಗಳನ್ನೇ ಪರಸ್ಪರ ಸೇರಿಸಿ ಅರ್ತಿಗೆದುರಾಗಿ ಅಳೆಯಬೇಕು.

ಬಲ್ಬ್ ಉರಿದರೆ ಡೈನಮೊ ನಿರಪರಾಧಿ. ಉರಿಯದಿದ್ದರೆ ಬ್ರಷ್ ಮೊದಲು ನೋಡಿ, ಆಮೇಲೆ ಅದು ಒರೆಸುವ ತಾಮ್ರದ ಕಾಮ್ಯುಟೇಟರ್. ಬಲಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಸೋರುತ್ತಿದ್ದರೆ ಎಣ್ಣೆಯೂ ಕಾರ್ಬನ್ ಪುಡಿಯೂ ಕಲಸಿ ಅಲ್ಲೊಂದು ಕಪ್ಪು ಅಂಟು ಕೂತಿರುತ್ತದೆ. ಪೆಟ್ರೋಲ್ ಬಟ್ಟೆಯಿಂದ ಒರೆಸಿದರೆ ಸದ್ಯಕ್ಕೆ ಸರಿಹೋದೀತು, ಸೀಲ್ ಬದಲಿಸದಿದ್ದರೆ ಮತ್ತೆ ಅದೇ ಕಥೆ. ಕ್ರ್ಯಾಂಕ್ ಬೇರಿಂಗ್ ಸವೆದಿದ್ದರೆ ಆರ್ಮೇಚರ್ ಓಲಾಡಿ ಸುತ್ತಲಿನ ಕಬ್ಬಿಣಕ್ಕೆ ಉಜ್ಜಿದ ಗುರುತು ಕಾಣುತ್ತದೆ. ಅದು ಇಂಜಿನ್ ಕೆಲಸ, ಎಲೆಕ್ಟ್ರಿಷಿಯನ್ ಕೈಯಲ್ಲಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕಬ್ಬಿಣದ ಕಾಂತಶಕ್ತಿ ಕುಂದಿರಲೂಬಹುದು. ಬ್ಯಾಟರಿಯಿಂದ ಫೀಲ್ಡಿಗೆ ಕ್ಷಣಕಾಲ ಕರೆಂಟ್ ಮುಟ್ಟಿಸಿದರೆ ಅದು ಮತ್ತೆ ಎಚ್ಚರಗೊಳ್ಳುತ್ತದೆ.

ಕಾಯಿಲ್ಲೇ ಸುಟ್ಟಿದ್ದರೆ? ಹೊಸ ಆರ್ಮೇಚರಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತುವವರು ತಮ್ಮ ಊರನ್ನೇ ಮರೆಯುತ್ತಾರೆ. ಪವರ್‌ಲೂಮ್ ಮೋಟಾರು, ಕೊಳವೆಬಾವಿಯ ಮೋಟಾರು ಸುಡುತ್ತಲೇ ಇರುವ ಜಿಲ್ಲೆ ಇದು. ಹಾಗಾಗಿ ವೈಂಡಿಂಗ್ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ಸುತ್ತಿನ ಲೆಕ್ಕ, ತಂತಿಯ ಗೇಜು, ಸುತ್ತಿದ ದಿಕ್ಕು ಮೂರನ್ನೂ ಹಳೆಯ ಕಾಯಿಲ್ ಬಿಚ್ಚುವಾಗಲೇ ಬರೆದುಕೊಂಡು ಅದೇ ರೀತಿ ಸುತ್ತಿ ವಾರ್ನಿಶ್ ಹಾಕಿ ಒಣಗಿಸಿದರೆ ಹಳೆಯ ಡೈನಮೊಗೆ ಮರುಹುಟ್ಟು ಸಿಗುತ್ತದೆ. ಮೋಟಾರಿನ ಕೈಗೆ ಡೈನಮೊ ಪರಕೀಯವಲ್ಲ, ಗಾತ್ರವಷ್ಟೇ ಸಣ್ಣದು.

ಬುಲೆಟ್ಟಿನ ದಾರಿ ಬೇರೆ

ಬುಲೆಟ್ ಇಂಡಿಯಾದಲ್ಲಿ ತಯಾರಾಗತೊಡಗಿದ್ದು 1955ರಲ್ಲಿ, ಮದ್ರಾಸಿನಲ್ಲಿ. ನಮ್ಮ ಕಡೆ ಈಗಲೂ ಓಡುತ್ತಿರುವ ಹಳೆಯ ಬುಲೆಟ್‌ಗಳಲ್ಲಿ ಹೆಚ್ಚಿನವಕ್ಕೆ ಡೈನಮೊ ಬದಲು ಆಲ್ಟರ್ನೇಟರ್ ಇದೆ. ಅದು ಹುಟ್ಟಿಸುವುದು ಎಸಿ, ರೆಕ್ಟಿಫೈಯರ್ ಅದನ್ನು ಡಿಸಿ ಮಾಡುತ್ತದೆ. ಬ್ರಷ್ಷಿನ ತಲೆನೋವಿಲ್ಲ. ಇಲ್ಲಿ ಹುಡುಕಾಟ ಮೂಲದಿಂದಲೇ ಶುರುವಾಗಬೇಕು: ಆಲ್ಟರ್ನೇಟರ್ ತಂತಿಗಳ ನಡುವಿನ ಎಸಿ ವೋಲ್ಟೇಜ್ ರೇಸಿನೊಂದಿಗೆ ಏರುತ್ತಿದೆಯೇ, ಆ ತಂತಿಗಳಲ್ಲಿ ಯಾವುದಾದರೂ ಅರ್ತಿಗೆ ತಗುಲುತ್ತಿದೆಯೇ. ಚೈನ್‌ಕೇಸಿನ ಎಣ್ಣೆಯಲ್ಲಿ ಬೆಂದು ತಂತಿಯ ಹೊದಿಕೆ ಗಟ್ಟಿಯಾಗಿ ಬಿರುಕು ಬಿಡುವುದು, ಕವರಿನ ಅಂಚಿಗೆ ಉಜ್ಜಿ ಸವೆಯುವುದು ಸಾಮಾನ್ಯ. ಹೆಡ್‌ಲೈಟ್ ಮೇಲಿನ ಆಂಪ್‌ಮೀಟರಿನ ಮುಳ್ಳು ಸವಾರನಿಗೆ ಬೇಕಾದ ಸುದ್ದಿಯನ್ನೆಲ್ಲ ಹೇಳುತ್ತದೆ. ಆದರೆ ಬ್ಯಾಟರಿಯ ಕರೆಂಟೆಲ್ಲ ಅದರ ಮೂಲಕವೇ ಹಾಯುವುದರಿಂದ ಅದರ ಹಿಂದಿನ ನಟ್ ಸಡಿಲವಾದರೆ ಇಡೀ ಗಾಡಿಯೇ ಮೌನ. ಇಂಗ್ಲಿಷ್ ಸಂಪ್ರದಾಯದ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದುಂಟು. ಅದನ್ನು ಗಮನಿಸದೆ ಬ್ಯಾಟರಿ ತಿರುಗಾಮುರುಗಾ ಕೊಟ್ಟರೆ ರೆಕ್ಟಿಫೈಯರ್ ಅಲ್ಲೇ ಸುಡುತ್ತದೆ.

ಹನ್ನೆರಡಕ್ಕೆ ಬದಲಿಸಬೇಕೇ?

ಇಷ್ಟು ಕಷ್ಟವೇಕೆ, 12 ವೋಲ್ಟಿಗೆ ಬದಲಿಸಿಬಿಡೋಣ ಎನ್ನುವವರಿದ್ದಾರೆ. ಜಾವಾಗೆ ಡೈನಮೊ ಕಿತ್ತು ಕೂರಿಸಬಲ್ಲ ಮ್ಯಾಗ್ನೆಟ್ ಜನರೇಟರ್ ಕಿಟ್‌ಗಳು ಸಿಗುತ್ತವೆ. ಹಳೆಯ ಡಬ್ಬಿಯೊಳಗೇ ಅಡಗಿಸಬಹುದಾದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದೆ. ಹಿಂದಿನ ದೀಪಕ್ಕೆ ಆರು ವೋಲ್ಟಿನ ಎಲ್‌ಇಡಿ ಹಾಕಿದರೆ ನಾಲ್ಕು ವ್ಯಾಟಾದರೂ ಉಳಿಯುತ್ತದೆ. ದಿನಾ ಓಡಿಸುವವರಿಗೆ ಇವೆಲ್ಲ ಒಳ್ಳೆಯದೇ. 2021ರಲ್ಲಿ ಬಂದ ನಿಯಮ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಮಾನ್ಯತೆ ಮತ್ತು ‘ವಿಎ’ ಅಕ್ಷರದ ನೋಂದಣಿ ಸಂಖ್ಯೆ ಕೊಡುತ್ತದೆ. ಅದಕ್ಕೆ ಗಾಡಿ ಮೂಲ ರೂಪದಲ್ಲಿರಬೇಕು. ಆ ಆಸೆಯಿರುವವರು ಬಿಚ್ಚಿದ ಡೈನಮೊವನ್ನು ಗುಜರಿಗೆ ಹಾಕದೆ ಎತ್ತಿಡುವುದು ಜಾಣತನ.

ಆದರೆ ಹಳೆಯ ವೈರಿಂಗ್ ಹಾರ್ನೆಸ್ ಮೇಲೆಯೇ ಕೂರಿಸಿದ ಹೊಸ ಕಿಟ್ ಕೂಡ ಅದೇ ಸಡಿಲ ಬೋಲ್ಟಿಗೆ, ಅದೇ ಹಸಿರು ತಾಮ್ರಕ್ಕೆ ಬಲಿಯಾಗುತ್ತದೆ. ಹನ್ನೆರಡು ವೋಲ್ಟ್ ತಪ್ಪನ್ನು ಸ್ವಲ್ಪ ದಿನ ಮುಚ್ಚಿಡುತ್ತದೆ, ತಿದ್ದುವುದಿಲ್ಲ. ಅಗ್ಗದಿಂದ ದುಬಾರಿಯ ಕಡೆಗೆ ಹೋಗುವುದೇ ಸರಿಯಾದ ಕ್ರಮ. ಮೊದಲು ಉಜ್ಜುವುದು, ಬಿಗಿಯುವುದು, ಆಮೇಲೆ ಅಳೆಯುವುದು, ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ನಿಲ್ಲಿಸಿಡುವ ಗಾಡಿಯಾದರೆ ಅರ್ತ್ ವೈರ್ ಕಳಚಿ, 14 ಆಂಪಿಯರ್-ಅವರ್ ಬ್ಯಾಟರಿಗೆ 1.4 ಆಂಪಿಯರ್ ಮೀರದ ಚಾರ್ಜರಿನಲ್ಲಿ ಆಗಾಗ ಚಾರ್ಜ್ ಕೊಟ್ಟು, ಡಿಸ್ಟಿಲ್ಡ್ ವಾಟರ್ ನೋಡಿಕೊಂಡರೆ ಬ್ಯಾಟರಿ ಬಾಳುತ್ತದೆ.

ಡೈನಮೊ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಅವರ ಕೈಗುಣಕ್ಕೆ ಕಾಯುವುದಕ್ಕಿಂತ ಅವರ ಕ್ರಮವನ್ನು ಕಾಗದಕ್ಕಿಳಿಸುವುದು ಮೇಲು. ಅರ್ಧ ಶತಮಾನದಲ್ಲಿ ಬದಲಾಗಿ ಬದಲಾಗಿ ಯಾವ ಗಾಡಿಯ ತಂತಿಯ ಬಣ್ಣವೂ ಈಗ ಕಂಪನಿಯ ನಕ್ಷೆಗೆ ಹೊಂದುವುದಿಲ್ಲ. ನಿಮ್ಮ ಗಾಡಿಯಲ್ಲಿ ಯಾವ ಬಣ್ಣ ಎಲ್ಲಿಂದ ಎಲ್ಲಿಗೆ ಹೋಗಿದೆ, ಅರ್ತ್ ಎಲ್ಲೆಲ್ಲಿ ಬಿಗಿದಿದೆ, ಆರೋಗ್ಯವಾಗಿದ್ದಾಗ ಎಲ್ಲೆಲ್ಲಿ ಎಷ್ಟು ವೋಲ್ಟ್ ಬರುತ್ತಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ಟೂಲ್‌ಬಾಕ್ಸಿನಲ್ಲಿಡಿ. ಅಂಥ ಹಾಳೆಯಿರುವ ಗಾಡಿಯನ್ನು ಹೊಸ ಬೈಕುಗಳಲ್ಲಿ ಪಳಗಿದ ಹುಡುಗನೂ ಧೈರ್ಯವಾಗಿ ಮುಟ್ಟಬಲ್ಲ.